ಮುದ್ದುರಂಗನ ಪ್ರಬಂಧಕ್ಕೆ ಬಂದ ತಿದ್ದುಪಡಿ

ಮುದ್ದುರಂಗ ಮೊದಲ ಸಲ ಕಾಲು ಕಿತ್ತದ್ದು ಕಾರಹುಣ್ಣಿಮೆಯ ಮಾರನೇ ದಿನ, ಸೋಮವಾರ. ಏಳನೇ ಕ್ಲಾಸಿನ ಮೇಷ್ಟ್ರು ಸೀಮೆಸುಣ್ಣ ತಗೊಂಡು ಬಾ ಅಂತ ಕಳಿಸಿದ್ದರು. ಅಂಗಡಿ ಮುಂದೆ ಲಾರಿಯೊಂದು ನಿಂತಿತ್ತು. ಸಂಜೆ ಹೊತ್ತಿಗೆ ಸೀಮೆಸುಣ್ಣ ಅವನ ಜೇಬಿನಲ್ಲಿತ್ತು, ಅವನು ಬೇರೆ ಜಿಲ್ಲೆಯಲ್ಲಿದ್ದ.

ಆಮೇಲೆ ಅದೇ ರೂಢಿಯಾಯಿತು. ಲಾರಿ ಬಿಟ್ಟು ಹೋಟೆಲು, ಹೋಟೆಲು ಬಿಟ್ಟು ಗ್ಯಾರೇಜು, ಗ್ಯಾರೇಜು ಬಿಟ್ಟು ಕುರಿಮಂದೆ. ಎಲ್ಲೂ ಜಗಳವಾಡಿಕೊಂಡು ಬಿಟ್ಟವನಲ್ಲ. ಯಾರಾದರೂ ಏನನ್ನಾದರೂ ತಾ ಅಂತ ಕಳಿಸಿದರೆ ಸಾಕು, ಹೋದವನು ಹೋದ.

ನಡುವೆ ಯಾರೋ ಹಿಡಿದು ನಿಲ್ಲಿಸಿ ಮದುವೆ ಮಾಡಿದರು. ಹೆಂಡತಿ ಈರಕ್ಕ. ಒಂದು ಬೆಳಿಗ್ಗೆ ಅವಳು ರಾಗಿ ಚೀಲ ಕೈಗೆ ಕೊಟ್ಟು ಬೀಸಿಸಿಕೊಂಡು ಬಾ ಅಂದಳು. ಗಿರಣಿ ಮುಂದೆ ಸಾಲು ಉದ್ದ ಇತ್ತು. ಮುದ್ದುರಂಗ ಚೀಲವನ್ನು ಸಾಲಿನಲ್ಲಿಟ್ಟು, ಹಿಂದೆ ನಿಂತಿದ್ದ ಅಜ್ಜನಿಗೆ ಸ್ವಲ್ಪ ನೋಡ್ಕೊಳ್ಳಿ ಎಂದು ಹೇಳಿ, ಹೊರಟೇಬಿಟ್ಟ.

ಈ ಸಲ ಬಂದು ಮುಟ್ಟಿದ್ದು ಹೊಳೆದಂಡೆಯ ಆಶ್ರಮಕ್ಕೆ.

ಆ ಆಶ್ರಮದಲ್ಲಿ ಜಪತಪ ಕಡಿಮೆ. ಮುಖ ಕೊಟ್ಟು ಮಾತಾಡದ ಗಂಡ ಹೆಂಡಿರು, ಒಲೆ ಬೇರೆ ಮಾಡಿಕೊಂಡ ಅತ್ತೆ ಸೊಸೆಯರು ಹರಿಗೋಲು ಹತ್ತಿ ಬರುತ್ತಿದ್ದರು. ಗುರುಗಳು ಅವರನ್ನು ಹೊಂಗೆಮರದ ಕೆಳಗೆ ಕೂರಿಸಿ ಮಾತಾಡಿಸುತ್ತಿದ್ದರು. ಅಲ್ಲಿ ಕಂಡದ್ದು ಕಲಿತದ್ದನ್ನು ಶಿಷ್ಯರು ಪ್ರಬಂಧವಾಗಿ ಬರೆದರೆ, ಗುರುಗಳು ಸಂಪಾದಿಸುವ ದಂಪತಿ ಮತ್ತು ಕುಟುಂಬ ಚಿಕಿತ್ಸೆಯ ಸಂಶೋಧನಾ ಪತ್ರಿಕೆಯಲ್ಲಿ ಅದು ಅಚ್ಚಾಗುತ್ತಿತ್ತು. ದೂರದ ವಿಶ್ವವಿದ್ಯಾಲಯಗಳ ಪ್ರೊಫೆಸರರೂ ಆ ಪತ್ರಿಕೆಗೆ ಬರೆಯುತ್ತಿದ್ದರು. ಬರೆದದ್ದು ವಾಪಸ್ ಬಂದರೆ ಅವರೂ ಊಟ ಬಿಡುತ್ತಿದ್ದರಂತೆ.

ಪ್ರಬಂಧ ಅಚ್ಚಾದವನು ಮರದ ಕೆಳಗೆ ಗುರುಗಳ ಪಕ್ಕ ಕೂರಬಹುದು. ಆಗದವನು ಅಡುಗೆಮನೆಯಲ್ಲಿ ಗುರುಪತ್ನಿಯ ಕೈಕೆಳಗೆ ತರಕಾರಿ ಹೆಚ್ಚಬೇಕು. ಅವರನ್ನು ಎಲ್ಲರೂ ಅಮ್ಮನವರು ಎನ್ನುತ್ತಿದ್ದರು.

ಮುದ್ದುರಂಗ ಹೆಚ್ಚಿದ. ಅಡುಗೆಮನೆಯ ಕಿಟಕಿ ಮರದ ಕಡೆಗೇ ಇತ್ತು. ಹೀರೇಕಾಯಿ ಹೆಚ್ಚುತ್ತ ಊರೂರಿನ ಸಂಸಾರಗಳ ಗುಟ್ಟು ಕೇಳಿದ. ಎರಡು ಮಳೆಗಾಲ ಕಳೆದವು. ಇಷ್ಟು ದಿನ ಅವನು ಎಲ್ಲೂ ನಿಂತವನಲ್ಲ.

ಹುಟ್ಟಿದಾಗಿನಿಂದ ಒಂದು ಕೆಲಸವನ್ನೂ ಮುಗಿಸಿಲ್ಲ, ಇದೊಂದನ್ನಾದರೂ ಮುಗಿಸಬೇಕು ಅಂತ ಅವನಿಗೆ ಹಟ ಹತ್ತಿತು. ಅಚ್ಚಿನಲ್ಲಿ ಹೆಸರು ಬಂದರೆ ಮರದ ಕೆಳಗೆ ಜಾಗ ಸಿಗುತ್ತದೆ. ಜಾಗ ಸಿಕ್ಕವನನ್ನು ಮನೆಗೆ ಯಾವಾಗ ಹೋಗ್ತೀಯ ಅಂತ ಯಾರೂ ಕೇಳುವುದಿಲ್ಲ.

ಕೂತು ಬರೆದ. ತಲೆಬರಹ: ‘ದಂಪತಿ ಕಲಹದ ಶಮನದಲ್ಲಿ ದೂರದ ಪಾತ್ರ’. ಸಾರಾಂಶ ಇಷ್ಟೇ. ಜಗಳಕ್ಕೆ ಇಬ್ಬರು ಬೇಕು. ಒಬ್ಬರು ಎದ್ದು ಹೋದರೆ ಜಗಳ ತಾನಾಗಿ ನಿಲ್ಲುತ್ತದೆ. ಆಧಾರವಾಗಿ ಒಂದು ದಂಪತಿಯ ಉದಾಹರಣೆ. ಶ್ರೀ ಅ ಎಂಬ ಸಾಧು ಸ್ವಭಾವದ ಗಂಡ ಶಾಂತಿಯನ್ನು ಅರಸಿ ಮನೆ ಬಿಟ್ಟ ಮೇಲೆ ಶ್ರೀಮತಿ ಆ ಅವರೊಂದಿಗೆ ಇಂದಿನವರೆಗೆ ಒಂದೇ ಒಂದು ಜಗಳವೂ ಆಗಿಲ್ಲ.

ಆಕರಗಳ ಪಟ್ಟಿಯಲ್ಲಿ ಇಬ್ಬರು ಲಾರಿ ಡ್ರೈವರುಗಳೂ ಒಬ್ಬ ಕ್ಷೌರಿಕನೂ ಇದ್ದರು.

ಗುರುಗಳು ಎಲ್ಲವನ್ನೂ ನಿಧಾನವಾಗಿ ಓದಿದರು. ಡ್ರೈವರುಗಳ ಬಗ್ಗೆ ತಕರಾರು ಮಾಡಲಿಲ್ಲ. ಒಂದು ಕಡೆ ಮಾತ್ರ ಬೆರಳಿಟ್ಟು ನಿಂತರು. ಗಂಡ ಹೆಂಡತಿಯ ಹೆಸರನ್ನು ಮರೆಮಾಡಿದ್ದ ಮುದ್ದುರಂಗ, ಊರಿನ ಹೆಸರನ್ನೂ ಗಿರಣಿಯ ಹೆಸರನ್ನೂ ಹಾಗೇ ಬಿಟ್ಟಿದ್ದ.

“ಈ ವಿಷಯ ಚೆನ್ನಾಗಿ ಬಲ್ಲ ವಿಮರ್ಶಕರೊಬ್ಬರು ಬೇಕು,” ಎಂದರು ಗುರುಗಳು.

“ದೊಡ್ಡವರನ್ನೇ ಕರೆಸಿ ಗುರುಗಳೇ,” ಎಂದ ಮುದ್ದುರಂಗ.

ಗುರುಗಳು ಎದ್ದು ಹೋಗಿ ಹರಿಗೋಲಿನವನ ಹತ್ತಿರ ಏನೋ ಹೇಳಿ ಬಂದರು.

ಬರೆದವರು ಯಾರೆಂದು ವಿಮರ್ಶಕರಿಗೆ, ವಿಮರ್ಶಕರು ಯಾರೆಂದು ಬರೆದವರಿಗೆ ಗೊತ್ತಾಗಬಾರದು. ಇದು ಎಲ್ಲ ಸಂಶೋಧನಾ ಪತ್ರಿಕೆಗಳ ನಿಯಮ. ಬೇರೆಯವರು ಅದನ್ನು ಅಂಚೆಯಲ್ಲಿ ನಡೆಸುತ್ತಾರೆ. ಗುರುಗಳು ಜಗಲಿಯ ಮೇಲೆ ನಡೆಸುತ್ತಿದ್ದರು. ಎರಡು ಕಂಬಗಳ ನಡುವೆ ತಮ್ಮ ಮದುವೆಯ ಅಂತರಪಟ ಕಟ್ಟುತ್ತಿದ್ದರು. ಮುಹೂರ್ತದ ತನಕ ಗಂಡು ಹೆಣ್ಣಿನ ಮುಖ ನೋಡದಂತೆ ನಡುವೆ ಹಿಡಿಯುತ್ತಾರಲ್ಲ, ಅದೇ ಬಟ್ಟೆ. ಅದರ ಮೇಲಿನ ಅರಿಶಿನದ ಸ್ವಸ್ತಿಕ ಅರ್ಧ ಮಾಸಿಹೋಗಿತ್ತು.

ಈಚೆ ಬರೆದವನು, ಆಚೆ ವಿಮರ್ಶಕರು. ಇಬ್ಬರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಗುರುಗಳ ಕಿವಿಯಲ್ಲಿ ಹೇಳಬೇಕು. ಗುರುಗಳು ಅದನ್ನು ಪತ್ರಿಕೆಯ ಭಾಷೆಗೆ ತಿರುಗಿಸಿ ಹೇಳುತ್ತಿದ್ದರು.

ಗೊತ್ತುಮಾಡಿದ ದಿನ ಮುದ್ದುರಂಗ ಸ್ನಾನ ಮಾಡಿ, ತಲೆ ಬಾಚಿ, ಚಾಪೆಯ ಮೇಲೆ ಕೂತ. ಆಚೆ ಯಾರೋ ಬಂದು ಕೂತ ಸದ್ದಾಯಿತು. ಪ್ರೊಫೆಸರರೇ ಇರಬೇಕು ಅಂದುಕೊಂಡ. ಗುರುಗಳು ಅಂತರಪಟದ ಅಂಚಿನಲ್ಲಿ ಕೂತು, ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

‘ಸಾಧು ಸ್ವಭಾವದ ಗಂಡ’ ಎಂಬಲ್ಲಿ ಆಚೆಯಿಂದ ಒಂದು ಕೆಮ್ಮು ಬಂತು.

ಓದು ಮುಗಿಯಿತು. ಗುರುಗಳು ಆಚೆ ಬಗ್ಗಿದರು. ಪಿಸುಮಾತು ಶುರುವಾಯಿತು. ಮುಗಿಯುವಂತೆ ಕಾಣಲಿಲ್ಲ. ನಡುವೆ ಒಂದೆರಡು ಸಲ ನೆಲಕ್ಕೆ ಕೈ ಬಡಿದ ಸದ್ದೂ ಕೇಳಿಸಿತು. ಗುರುಗಳು ಹೂಂ, ಹೂಂ ಎನ್ನುತ್ತಿದ್ದವರು ಕೊನೆಗೆ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡರು.

“ಉದಾಹರಣೆಯ ವಿವರಣೆ ಸ್ವಲ್ಪ ಏಕಮುಖವಾಗಿದೆ ಎಂಬುದು ವಿಮರ್ಶಕರ ಅಭಿಪ್ರಾಯ.”

“ಅಷ್ಟು ಹೊತ್ತು ಹೇಳಿದ್ದು ಇಷ್ಟೇನಾ?” ಎಂದು ಮುದ್ದುರಂಗ ಪಿಸುಗುಟ್ಟಿದ.

“ಉಳಿದದ್ದು ಅಚ್ಚಿಗೆ ಯೋಗ್ಯವಲ್ಲ,” ಎಂದರು ಗುರುಗಳು.

ಎರಡನೇ ಆಕ್ಷೇಪ ಬಂತು. ಜಗಳ ನಿಂತಿದೆ ಎಂದು ಲೇಖಕರು ಬರೆದಿದ್ದಾರೆ. ಯಾರನ್ನು ಕೇಳಿ ಬರೆದರು? ಶ್ರೀಮತಿ ಆ ಅವರನ್ನು ಕೇಳಿದರೇ?

ಅದು ಊಹೆಯಿಂದಲೇ ತಿಳಿಯುತ್ತದೆ, ಎದುರಿಗೆ ಆಳೇ ಇಲ್ಲದಾಗ ಜಗಳ ಹೇಗಾದೀತು ಎಂದು ಮುದ್ದುರಂಗ ಗುರುಗಳ ಕಿವಿಯಲ್ಲಿ ವಾದಿಸಿದ. ಗುರುಗಳು ಅದನ್ನು ಆಚೆಗೆ ದಾಟಿಸಿದರು. ಈ ಸಲ ಆಚೆಯ ಪಿಸುಮಾತು ಚಿಕ್ಕದಾಗಿತ್ತು. ಗುರುಗಳು ಅದನ್ನು ಪತ್ರಿಕೆಯ ಭಾಷೆಗೆ ತಿರುಗಿಸದೆ ಇದ್ದ ಹಾಗೇ ಹೇಳಿದರು.

“ಗೂಟದಲ್ಲಿ ಒಂದು ಅಂಗಿ ಬಿಟ್ಟು ಹೋಗಿದ್ದಾನಂತೆ. ದಿನಾ ಅದರ ಜೊತೆ ಜಗಳ ನಡೆಯುತ್ತದಂತೆ. ಅಂಗಿ ಮಾತ್ರ ಎದ್ದು ಹೋಗಿಲ್ಲವಂತೆ.”

ಮುದ್ದುರಂಗನಿಗೆ ತನ್ನ ನೀಲಿ ಗೆರೆಯ ಅಂಗಿ ಕಣ್ಣಿಗೆ ಕಟ್ಟಿತು. ಚಾಪೆಯ ಮೇಲೆ ಕೂತಲ್ಲೇ ಸ್ವಲ್ಪ ಹಿಂದಕ್ಕೆ ಜರುಗಿದ. ಯಾವ ಪ್ರೊಫೆಸರರಿಗೂ ಆ ಗೂಟದ ಸುದ್ದಿ ಗೊತ್ತಿರಲು ಸಾಧ್ಯವಿಲ್ಲ.

“ಗುರುಗಳೇ, ಈ ವಿಮರ್ಶಕರು ಬೇಡ. ಇವರು ಪಕ್ಷಪಾತಿ.”

“ವಿಮರ್ಶಕರು ಯಾರು ಅಂತ ನಿನಗೆ ಗೊತ್ತಾ?”

ಮುದ್ದುರಂಗ ಬಾಯಿ ತೆರೆದ. ಗೊತ್ತು ಅಂದರೆ ಹೇಗೆ ಗೊತ್ತು ಅಂತ ಹೇಳಬೇಕು. ಹಾಗೆ ಹೇಳಿದರೆ ಸಾಧು ಸ್ವಭಾವದ ಶ್ರೀ ಅ ಯಾರು ಅನ್ನುವುದೂ ಹೊರಬೀಳುತ್ತದೆ. ತನ್ನ ಸಂಸಾರವನ್ನೇ ಇನ್ನೊಬ್ಬರದೆಂದು ಬರೆದ ಪ್ರಬಂಧ ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಮರದ ಕೆಳಗಿನ ಜಾಗ ಹೋಗುತ್ತದೆ.

“ಗೊತ್ತಿಲ್ಲ,” ಎಂದ.

“ಹಾಗಿದ್ರೆ ಪಕ್ಷಪಾತಿ ಅಂತ ಹೇಗೆ ಗೊತ್ತಾಯಿತು?”

ಮುದ್ದುರಂಗ ಮತ್ತೆ ಮುಂದಕ್ಕೆ ಜರುಗಿ ಕೂತ.

ಮೂರನೇ ಆಕ್ಷೇಪಕ್ಕೆ ಗುರುಗಳು ಮತ್ತೆ ಪತ್ರಿಕೆಯ ಭಾಷೆಗೆ ಬಂದರು. ಅಧ್ಯಯನದ ವಿಧಾನದಲ್ಲಿ ಒಂದು ಮುಖ್ಯ ವಿವರ ಬಿಟ್ಟುಹೋಗಿದೆ. ಶಾಂತಿಯನ್ನು ಅರಸಿ ಹೊರಟ ಘಳಿಗೆಯಲ್ಲಿ ಶ್ರೀ ಅ ಅವರ ಕೈಯಲ್ಲಿ ಏನಿತ್ತು?

ಏನೂ ಇರಲಿಲ್ಲ ಎಂದು ಮುದ್ದುರಂಗ ಪಿಸುಗುಟ್ಟಿದ. ಆಚೆಯಿಂದ ಉತ್ತರ ಬಂತು. ವಿಮರ್ಶಕರ ಮಾಹಿತಿಯ ಪ್ರಕಾರ ರಾಗಿ ಇತ್ತು. ಆ ರಾಗಿ ಏನಾಯಿತು? ಶ್ರೀ ಅ ಅದನ್ನು ದಾರಿಯಲ್ಲಿ ಮಾರಿಕೊಂಡರು ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ಲೇಖಕರು ಇದನ್ನು ಪರಿಶೀಲಿಸಬೇಕು.

ಮುದ್ದುರಂಗ ಎಷ್ಟು ಕೆಲಸ ಬಿಟ್ಟವನಾದರೂ ಯಾರ ಸಾಮಾನನ್ನೂ ಮಾರಿಕೊಂಡವನಲ್ಲ. ಮೇಷ್ಟ್ರ ಸೀಮೆಸುಣ್ಣವನ್ನೂ ಬಹಳ ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದ. ಕೇಳುತ್ತಲೇ ಅವನಿಗೆ ನಿಯಮ ಮರೆತುಹೋಯಿತು. ಮಂಡಿಯೂರಿ ಎದ್ದು, ಅಂತರಪಟಕ್ಕೆ ಮುಖ ಹಚ್ಚಿ, ಬಾಯಿಬಿಟ್ಟೇ ಹೇಳಿದ:

“ಮಾರ್ಲಿಲ್ಲ ಕಣೇ ಈರಿ. ಗಿರಣಿ ಸಾಲಲ್ಲೇ ಇಟ್ಟು ಬಂದೆ.”

ಅಡುಗೆಮನೆಯಲ್ಲಿ ಅಮ್ಮನವರ ಒಗ್ಗರಣೆ ಸೌಟು ನಿಂತಿತು.

“ಗೊತ್ತು,” ಎಂದಿತು ಆಚೆಯ ದನಿ. “ಸಂಜೆ ನಾನೇ ಹೋಗಿ ತಂದೆ. ಇಡೀ ಊರು ಅದನ್ನ ದಾಟ್ಕೊಂಡು ಹಿಟ್ಟು ಬೀಸಿಸ್ಕೊಂಡು ಹೋಗಿತ್ತು.”

ಸಾಲು ಉದ್ದ ಇತ್ತು ಎಂದ ಮುದ್ದುರಂಗ.

“ಲೇಖಕರ ಗುರುತು ಬಯಲಾಯಿತು,” ಎಂದರು ಗುರುಗಳು, ಹವಾಮಾನ ಹೇಳುವವರ ದನಿಯಲ್ಲಿ. “ಆದರೂ ವಿಮರ್ಶಕರ ತೀರ್ಪು ಕೇಳಲೇಬೇಕು.” ಅವರು ಕೊನೆಯ ಸಲ ಆಚೆ ಬಗ್ಗಿದರು. ಆಚೆಯವರು ಪಿಸುಮಾತಿನಲ್ಲಿ ತೀರ್ಪು ಹೇಳಿದರು. ಆಮೇಲೆ ಬಳೆ ಸದ್ದಾಯಿತು. ಯಾರೋ ಎದ್ದು ಮೆಟ್ಟಿಲಿಳಿದು ಹೊಳೆಯ ಕಡೆ ಹೋದರು.

ತನ್ನ ಕಥೆ ಮುಗಿಯಿತು ಅಂತ ಮುದ್ದುರಂಗ ತಲೆ ತಗ್ಗಿಸಿದ. ತಿರಸ್ಕಾರದ ಮಾತು ಹೇಗಿರುತ್ತದೆ ಅಂತ ಅವನು ಕಿಟಕಿಯಿಂದ ಎಷ್ಟೋ ಸಲ ಕೇಳಿದ್ದ.

“ತಿರಸ್ಕರಿಸಿಲ್ಲ,” ಎಂದರು ಗುರುಗಳು. “ತಿದ್ದಿ ತಂದರೆ ನೋಡೋಣ ಅಂದಿದ್ದಾರೆ.”

“ತಿದ್ದೋದು ಅಂದ್ರೆ? ಯಾವ ಪುಟ?”

“ಪುಟ ಹೇಳಿಲ್ಲ. ಅಧ್ಯಯನ ಅರ್ಧಕ್ಕೆ ನಿಂತಿದೆಯಂತೆ. ಬರೆದವನು ಕ್ಷೇತ್ರಕಾರ್ಯಕ್ಕೆ ವಾಪಸ್ ಹೋಗಬೇಕಂತೆ.”

ಗುರುಗಳು ಅಂತರಪಟದ ಗಂಟು ಬಿಚ್ಚಿದರು. ಬಟ್ಟೆ ಕೆಳಗಿಳಿಯಿತು. ಆಚೆಯ ಚಾಪೆ ಖಾಲಿ ಇತ್ತು. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಒಂದು ಬಟ್ಟೆಚೀಲ. ಮೂಲೆಯಲ್ಲಿ ಮುದ್ದುರಂಗ ತಾನೇ ಹಾಕಿದ್ದ ಸೊಟ್ಟ ಹೊಲಿಗೆಯ ತೇಪೆ.

ಚೀಲವನ್ನು ಎತ್ತಿಕೊಂಡು ಅವನು ಮೆಟ್ಟಿಲಿಗೆ ಬಂದ. ಹೊಳೆಯ ನಡುವೆ ಹರಿಗೋಲು ತಿರುಗುತ್ತ ತಿರುಗುತ್ತ ಚಿಕ್ಕದಾಯಿತು.

ಸಂಜೆಯ ಹೊತ್ತಿಗೆ ಗಂಟುಮೂಟೆ ಕಟ್ಟಿದ. ಒಂದು ಪಂಚೆ, ಒಂದು ಟವಲು, ಪ್ರಬಂಧದ ಹಾಳೆಗಳು. ‘ಸಾಧು ಸ್ವಭಾವದ’ ಎಂಬುದನ್ನು ಅಷ್ಟರಲ್ಲೇ ಹೊಡೆದುಹಾಕಿದ್ದ.

ಅಮ್ಮನವರು ಚೀಲ ಇಸಿದುಕೊಂಡು ಒಳಗೆ ಹೋಗಿ ಅದರ ತುಂಬ ರಾಗಿ ಸುರಿದು ತಂದರು. ಬೀಸಿದ ಹಿಟ್ಟೇ ಇದ್ದರೆ ಕೊಡಿ ತಾಯಿ, ಹೊರುವುದಕ್ಕೆ ಸಲೀಸು ಎಂದು ಮುದ್ದುರಂಗ ಮೆಲ್ಲಗೆ ಕೇಳಿದ.

“ಹಿಟ್ಟೂ ಇದೆ,” ಎಂದರು ಅಮ್ಮನವರು. “ಆದ್ರೆ ದಾರೀಲಿ ಗಿರಣಿ ಸಿಗುತ್ತೆ. ಸಾಲಲ್ಲಿ ನಿಂತ್ಕೋ.”

ಚೀಲ ಹೆಗಲಿಗೇರಿಸಿಕೊಂಡು ಗುರುಗಳ ಕಾಲಿಗೆ ಬಿದ್ದ. ಇಷ್ಟು ವರ್ಷ ಅವನು ಎಲ್ಲಿಂದ ಹೊರಟಾಗಲೂ ಯಾರಿಗೂ ಹೇಳಿ ಹೊರಟವನಲ್ಲ. ಹೇಳಿ ಹೊರಡುವುದು ಹೇಗೆ ಅಂತಲೇ ಗೊತ್ತಾಗದೆ ಮೆಟ್ಟಿಲ ಮೇಲೆ ಹಿಂದೆ ಮುಂದೆ ನೋಡುತ್ತ ನಿಂತ.

ಗುರುಗಳು ಅಂತರಪಟವನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದರು.

“ಗುರುಗಳೇ, ತಿದ್ದಿದ ಮೇಲೂ ಅವರು ಒಪ್ಪದಿದ್ರೆ?”

“ಮತ್ತೆ ತಿದ್ದು.”

“ಎಷ್ಟು ಸಲ ಅಂತ ತಿದ್ದೋದು?”

ಗುರುಗಳು ಮಡಚುತ್ತಲೇ ಇದ್ದರು. ಮುದ್ದುರಂಗನಿಗೆ ಬಹಳ ದಿನದಿಂದ ಕೇಳಬೇಕೆಂದಿದ್ದ ಇನ್ನೊಂದು ಮಾತು ನೆನಪಾಯಿತು. ಹೊರಡುವವನಿಗೆ ಎಂಥ ಸಂಕೋಚ ಅಂತ ಕೇಳಿಯೇಬಿಟ್ಟ. ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಅವನು ತಿರುವಿ ಹಾಕಿದ್ದ. ಊರವರದೆಲ್ಲ ಇತ್ತು, ಗುರುಗಳದು ಎಲ್ಲೂ ಕಾಣಲಿಲ್ಲ.

“ನಿಮ್ಮ ಪ್ರಬಂಧ ಯಾವ ಸಂಚಿಕೇಲಿ ಅಚ್ಚಾಗಿದೆ ಗುರುಗಳೇ?”

ಅಡುಗೆಮನೆಯಿಂದ ಅಮ್ಮನವರ ದನಿ ಕೇಳಿತು. ಬೆಳಿಗ್ಗೆ ಹೇಳಿದ ಸೌದೆ ಇನ್ನೂ ಬಂದಿಲ್ಲ, ಹೊತ್ತು ಮುಳುಗುತ್ತಿದೆ, ಕಿವಿ ಕೇಳಿಸುತ್ತಿದೆಯೋ ಇಲ್ಲವೋ ಅಂತ.

ಗುರುಗಳು ಮಡಚಿದ ಬಟ್ಟೆಯನ್ನು ಶಿಷ್ಯನ ಕೈಗಿಟ್ಟು, ಲಗುಬಗೆಯಿಂದ ಎದ್ದು, ಪಂಚೆ ಎತ್ತಿಕಟ್ಟಿದರು.

“ನನ್ನದನ್ನ ಒಳಗೆ ಇನ್ನೂ ಓದ್ತಾ ಇದ್ದಾರಪ್ಪ.”