ಮಣ್ಣಿನ ಗೂಬೆ ಕೂಗಿದ್ದು

ಒಂದಾನೊಂದು ಕಾಲ ಅನ್ನುತ್ತೇವಲ್ಲ, ಅದಕ್ಕೂ ಹಿಂದೆ, ಏಳು ಸಮುದ್ರದ ಆಚೆ, ಮರಳುಗಾಡಿಗೂ ಕಡಲಿಗೂ ನಡುವೆ ಮೋಚೆ ಅನ್ನುವ ಜನರ ಒಂದು ಊರಿತ್ತಂತೆ. ಅಲ್ಲಿ ಗಡಿಗೆ ಅಂದರೆ ಬರೀ ಗಡಿಗೆಯಲ್ಲ. ನರಿ, ಜಿಂಕೆ, ಏಡಿ, ಕಡಲಸಿಂಹ, ಕಣ್ಣಿಗೆ ಬಿದ್ದ ಪ್ರಾಣಿಯೆಲ್ಲ ಗಡಿಗೆಯಾಗಿ ಕೂತಿರುತ್ತಿತ್ತಂತೆ. ಆ ಊರಿನಲ್ಲಿ ಷಿಯಮ ಅಂತ ಒಬ್ಬಳು ಕುಂಬಾರಗಿತ್ತಿ, ಅವಳಿಗೆ ಮೀನು ಹಿಡಿಯುವ ಪೆಲ್ಲು ಅಂತ ಒಬ್ಬನೇ ತಮ್ಮ.

ಒಮ್ಮೆ ಊರ ದೊರೆ ಸತ್ತ. ದೊರೆ ಒಂಟಿಯಾಗಿ ಹೋಗಬಾರದು, ಉಸಿರಿರುವ ಒಂದು ಜೀವ ಅವನ ಜೊತೆ ಗುಂಡಿಗಿಳಿಯಬೇಕು ಅನ್ನುವುದು ಅಲ್ಲಿಯ ಕಟ್ಟಳೆ. ಆ ಸಲ ಪೂಜಾರಿ ಬೆರಳು ತೋರಿಸಿದ್ದು ಪೆಲ್ಲುವಿನ ಕಡೆಗೆ. ಷಿಯಮ ಸತ್ತ ದೊರೆಯ ಮಗ, ಎಳೆಯ ದೊರೆಯ ಕಾಲಿಗೆ ಬಿದ್ದು, ಸ್ವಾಮಿ, ಅವನ ಬದಲಿಗೆ ಉಸಿರಿರುವ ಗಡಿಗೆ ಮಾಡಿಕೊಡುತ್ತೇನೆ ಅಂದಳಂತೆ. ಪೂಜಾರಿ ನಕ್ಕು, ಮಣ್ಣಿಗೆ ಉಸಿರು ಎಲ್ಲಿಂದ ತರುತ್ತೀಯೇ, ನಿನ್ನ ಮೂಗಿನದನ್ನು ಕೊಡುತ್ತೀಯಾ ಅಂದ. ಎಳೆಯ ದೊರೆ ಮಾತ್ರ, ಗುಂಡಿ ತೋಡಿ ಮುಗಿಯುವುದರೊಳಗೆ ಮಾಡು, ನೋಡೋಣ ಅಂದನಂತೆ.

ಮೊದಲು ಅವಳು ನರಿ ಮಾಡಿದಳು. ಅವಸರದಲ್ಲಿ ಒಳಗಿನ ಗಾಳಿಗೆ ದಾರಿ ಬಿಡದೆ ಸುಟ್ಟದ್ದರಿಂದ ಅದು ಆವಿಗೆಯಲ್ಲೇ ಸಿಡಿಯಿತು. ಆಮೇಲೆ ಜಿಂಕೆ ಮಾಡಿದಳು, ಈಗ ಜಿಗಿಯುತ್ತದೆ ಅನ್ನುವ ಹಾಗಿತ್ತು. ಪೂಜಾರಿ ಅದರ ಮೂಗಿಗೆ ಒಂದು ಪುಕ್ಕ ಹಿಡಿದ, ಪುಕ್ಕ ಅಲ್ಲಾಡಲಿಲ್ಲ. ಅಷ್ಟರಲ್ಲಿ ಗುಂಡಿ ಆಳುದ್ದ ಇಳಿದಿತ್ತು, ಪೆಲ್ಲುವನ್ನು ಮೀಯಿಸಿ ಮೈಗೆ ಕೆಂಪು ಬಳಿದಿದ್ದರು. ಆಮೇಲೆ ಗೂಬೆ ಮಾಡಿದಳು. ಎರಡು ಗಡಿಗೆಗಳನ್ನು ಕೊಳವೆಯಿಂದ ಜೋಡಿಸಿ, ಒಂದರ ಮೇಲೆ ಗೂಬೆ ಕೂರಿಸಿ, ಅದರ ಕೊರಳಿಗೆ ಸೀಟಿಯಂಥ ಸಣ್ಣ ತೂತು ಇಟ್ಟಳು. ನೀರು ಹಾಕಿ ಬಾಗಿಸಿದರೆ ಗೂಬೆ ಊ ಅನ್ನುತ್ತಿತ್ತಂತೆ.

ಗುಂಡಿಯ ಅಂಚಿನಲ್ಲಿ ಪೂಜಾರಿ ಅದಕ್ಕೆ ಸತ್ತ ದೊರೆಯ ಪಾಲಿನ ಮೆಕ್ಕೆಜೋಳದ ಹೆಂಡವನ್ನು ಕಂಠದವರೆಗೆ ತುಂಬಿದ. ಎಳೆಯ ದೊರೆ ಬಾಗಿಸಿದ. ಸದ್ದಿಲ್ಲ. ಇನ್ನೊಮ್ಮೆ ಬಾಗಿಸಿದ. ಆಗಲೂ ಇಲ್ಲ. ಆಳುಗಳು ಪೆಲ್ಲುವಿನ ರಟ್ಟೆ ಹಿಡಿದರು. ಅಕ್ಕಾ, ನೀನು ಮನೆಗೆ ಹೋಗು, ಇದನ್ನು ನೋಡಬೇಡ ಅಂದನಂತೆ ಅವನು.

ತುಂಬಿದ ಗಡಿಗೆಯಲ್ಲಿ ಗಾಳಿಗೆ ಜಾಗವಿಲ್ಲ ಅನ್ನುವುದು ಷಿಯಮಳಿಗೆ ಆಗ ಹೊಳೆಯಿತು. ಆದರೆ ಸತ್ತವರ ಪಾಲು ಮುಟ್ಟಿದವರಿಗೂ ಅದೇ ಗುಂಡಿ. ಅವಳು ಯಾರನ್ನೂ ಕೇಳಲಿಲ್ಲ. ಗಡಿಗೆ ಕಿತ್ತುಕೊಂಡು ಗಟಗಟ ಅರ್ಧ ಕುಡಿದುಬಿಟ್ಟಳಂತೆ. ಇವಳನ್ನೂ ಇಳಿಸಿ ಅಂತ ಪೂಜಾರಿ ಅರಚುತ್ತಿರುವಾಗಲೇ ಬಾಗಿಸಿದಳು. ಊ ಅಂತ ಗೂಬೆ ಕೂಗಿತು. ಗುದ್ದಲಿ ಹಿಡಿದವರೆಲ್ಲ ಹಿಂದೆ ಸರಿದರು.

ನನ್ನ ಅಪ್ಪನ ಪಾಲು ಕುಡಿದೆಯಲ್ಲ ಅಂದ ಎಳೆಯ ದೊರೆ. ಹೌದು ಸ್ವಾಮಿ, ಉಸಿರಿಗೆ ಅಷ್ಟು ಜಾಗ ಬೇಕಿತ್ತು ಅಂದಳು. ಅವನು ಗೂಬೆಯನ್ನು ತಾನೇ ಗುಂಡಿಗಿಳಿಸಿ, ಇನ್ನು ಮಣ್ಣು ಮುಚ್ಚಿ ಅಂತ ಆಳುಗಳಿಗೆ ಹೇಳಿದನಂತೆ.

ಗೂಬೆಗೆ ಜೀವ ಬಂತು ಅಂತ ಊರವರು ಹೇಳಿಕೊಂಡರಂತೆ. ಜೀವವೂ ಇಲ್ಲ ಗೀವವೂ ಇಲ್ಲ ಕೂಸೇ. ಹೆಂಡ ಆಚೆಯ ಗಡಿಗೆಗೆ ಹರಿದು ಅಲ್ಲಿನ ಗಾಳಿಯನ್ನು ತೂತಿನಿಂದ ತಳ್ಳಿತು, ಅಷ್ಟೆ. ಎಳೆಯ ದೊರೆಗೂ ಅದು ಗೊತ್ತಿದ್ದಿರಬೇಕು. ಆದರೂ ಬಾಯಿ ಬಿಡಲಿಲ್ಲ.

ಆಮೇಲೆ ಅಕ್ಕ ತಮ್ಮ ಮನೆಗೆ ಹೊರಟರು. ಅಕ್ಕನಿಗೆ ಅಮಲೇರಿ ಕಾಲು ನಿಲ್ಲಲೊಲ್ಲದು. ಕೆಂಪು ಬಳಿದ ತಮ್ಮನೇ ಅವಳನ್ನು ಹಿಡಿದು ನಡೆಸಿಕೊಂಡು ಹೋದನಂತೆ. ಅವರು ಮನೆ ಸೇರಿದರು, ಕತೆಯೂ ಅಲ್ಲಿಗೇ ಮುಗಿದು ಮಲಗಿತು.