ಹೊನ್ನವ್ವನ ಪಿಂಚಣಿ, ಕೊಟ್ರಪ್ಪನ ಸೈಟು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೊಟ್ರಪ್ಪನಿಗೆ ಊರಂಚಿನಲ್ಲಿ ನಾಲ್ಕು ಸೈಟುಗಳಿದ್ದವು. ಅವನ ಅಂಗಡಿಯ ಅಂಗಳದಲ್ಲಿ ಹೊನ್ನವ್ವ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ದುಡಿಯುವ ಹತ್ತು ಬೆರಳು ಮಾತ್ರ. ಕೂಲಿಯಲ್ಲಿ ಒಂದಿಷ್ಟನ್ನು ತಿಂಗಳು ತಪ್ಪದೆ ಪಿಂಚಣಿ ಖಾತೆಗೆ ಕಟ್ಟುತ್ತಿದ್ದಳು.

ಒಂದು ದಿನ ಕೊಟ್ರಪ್ಪ ಅವಳನ್ನು ಕರೆದ. ಅವಳಿಗೆ ಒಳ್ಳೆಯದಾಗಲಿ ಎಂಬ ಆಸೆಯೂ ಇತ್ತು, ಸೈಟು ಒಂದಿಷ್ಟು ಖರ್ಚಾಗಲಿ ಎಂಬ ಲೆಕ್ಕವೂ ಇತ್ತು.

"ಆ ಪಿಂಚಣಿ ನಿಲ್ಸು, ಹೊನ್ನವ್ವ. ಅದೇ ರೊಕ್ಕ ನನಗ ಕಂತಿನ್ಯಾಗ ಕೊಡು, ಅರ್ಧ ಸೈಟು ನಿನ್ನ ಹೆಸರಿಗೆ ಬರೀತೀನಿ. ಹತ್ತು ವರ್ಷಕ್ಕ ಮೂರು ಪಟ್ಟು ಆಗ್ತೈತಿ."

"ಆಗಬಹುದ್ರಿ. ಒಂದು ಮಾತು ಹೇಳ್ರಿ ಸಾಹುಕಾರ್ರ, ಮಾಲು ಬಂದಾಗ ಎಲ್ಲಾ ಚೀಲ ಕೋಲ್ಡ್ ಸ್ಟೋರೇಜಿಗೆ ಯಾಕ ಹಾಕಂಗಿಲ್ಲ? ರೇಟು ಏರಿದ ಮ್ಯಾಲೆ ಮಾರಬಹುದಲ್ಲ?"

"ಹುಚ್ಚಿ, ಎಲ್ಲಾ ಒಳಗ ಹಾಕಿದ್ರ ನಾಳೆ ಅಂಗಡಿ ಹೆಂಗ ನಡೀಬೇಕು? ದಿನದ ಮಾರಾಟಕ್ಕ ಮೊದಲು ತೆಗೆದಿಟ್ಟು, ಉಳಿದದ್ದು ಒಳಗ."

"ನಾನೂ ಹಂಗ ಪಿಂಚಣಿಗೆ ಮೊದಲು ತೆಗೆದಿಡ್ತೀನ್ರಿ, ಆಮ್ಯಾಲೆ ಸೈಟಿಗೆ ಉಳಿಯೂದ ಇಲ್ರಿ. ಈ ಬೆರಳು ನಿಂತ ದಿನ ನನ್ನ ಅಂಗಡಿ ಬಾಗಿಲು ಹಾಕ್ತೈತಿ. ಆವಾಗ ಔಷಧಕ್ಕ ಅಂತ ಸೈಟಿನ ಒಂದು ಮೂಲಿ ಕತ್ತರಿಸಿ ಮಾರಾಕ ಆಗ್ತೈತೇನ್ರಿ?"

ಮೂವತ್ತು ವರ್ಷ ತಕ್ಕಡಿ ಹಿಡಿದ ಕೊಟ್ರಪ್ಪನಿಗೆ ಅವನ ಪದ್ಧತಿಯನ್ನೇ ಹೀಗೆ ಯಾರೂ ತೂಗಿ ತೋರಿಸಿರಲಿಲ್ಲ. ಭಲೇ ಹೆಂಗಸು ಎಂದು ಮನಸ್ಸಿನಲ್ಲೇ ಅಂದುಕೊಂಡ.

ಹನ್ನೆರಡು ವರ್ಷ ಕಳೆಯಿತು. ಸೈಟಿನ ಬೆಲೆ ಅವನು ಹೇಳಿದಂತೆ ಮೂರು ಪಟ್ಟಾಯಿತು. ತೊಟ್ಟು ಚಿವುಟಿ ಚಿವುಟಿ ಹೊನ್ನವ್ವನ ಗೆಣ್ಣುಗಳು ಬಾಗದಾದವು. ಅವಳು ಕೆಲಸ ಬಿಟ್ಟಳು. ಅದೇ ವರ್ಷ ಕಾಯಿ ಅಗ್ಗಕ್ಕೆ ಬಂತು. ಇದ್ದ ರೊಕ್ಕವೆಲ್ಲ ಸೈಟಿಗೆ ಹಾಕಿದ್ದ ಕೊಟ್ರಪ್ಪನ ಕೈಯಲ್ಲಿ ಕೊಳ್ಳಲು ನಗದಿಲ್ಲ. ಸೈಟು ಮಾರಹೋದರೆ ಬೆಲೆ ಕೇಳುವವರೇ ಎಲ್ಲ, ರೊಕ್ಕ ಬಿಚ್ಚುವವರಿಲ್ಲ. ಸುಗ್ಗಿ ಮುಗಿಯಿತು, ಗೋದಾಮು ಅರ್ಧವೇ ತುಂಬಿತು.

ಪಿಂಚಣಿ ಬಂದ ಮರುದಿನ ಹೊನ್ನವ್ವ ಗಿರಾಕಿಯಾಗಿ ಅಂಗಡಿಗೆ ಬಂದಳು.

"ಎರಡು ಕಿಲೋ ಕೊಡ್ರಿ." ಸೆಟೆದ ಬೆರಳಿನಿಂದ ರಾಶಿ ಕೆದಕಿದಳು. "ತೊಟ್ಟು ಹಂಗ ಉಳಿದಾವಲ್ರಿ. ಇದನ್ಯಾರು ಬಿಡಿಸಿದ್ದು?"

ಕೊಟ್ರಪ್ಪ ನಕ್ಕ. ಅವಳಿಗೆ ಕುರ್ಚಿ ಹಾಕಿಸಿದ. ತಾನು ಕೆಳಗೆ ಕೂತು, ಒಂದೊಂದೇ ಕಾಯಿಯ ತೊಟ್ಟು ಬಿಡಿಸಿ, ಆಮೇಲೆ ತೂಗಿಕೊಟ್ಟ.

ನೀತಿ: ದುಡಿಮೆ ನಿಂತರೂ ತಿಂಗಳ ಖರ್ಚು ನಿಲ್ಲುವುದಿಲ್ಲ. ಮೊದಲು ಅದಕ್ಕೆ ದಾರಿ ಮಾಡಿಕೊಳ್ಳಿ. ಮಿಕ್ಕಿದ್ದರಲ್ಲಿ ಮಣ್ಣು ಕೊಳ್ಳಿ.