ಮದರಂಗಿ ಎಲೆ ಕೆಂಪನ್ನು ಒಳಗಿಟ್ಟುಕೊಂಡದ್ದು

ಲೋಕದ ಮೈಯ ಹಸಿ ಇನ್ನೂ ಆರಿರದ ಕಾಲ. ಬೆಟ್ಟಗಳು ಮುಟ್ಟಿದರೆ ಬೆರಳಚ್ಚು ಬೀಳುವಷ್ಟು ಮೆತ್ತಗಿದ್ದವು. ಗಾಳಿ ಮಾತಾಡುತ್ತಿತ್ತು, ಹಳ್ಳ ಮಾತಾಡುತ್ತಿತ್ತು, ಬೇಲಿಯ ಗಿಡವೂ ಮಾತಾಡುತ್ತಿತ್ತು. ಆಗ ಯಾರ ತಲೆಯಲ್ಲೂ ಒಂದು ಬಿಳಿ ಕೂದಲಿರಲಿಲ್ಲ.

ಮೊಟ್ಟಮೊದಲು ನೆರೆತದ್ದು ನಮ್ಮ ಸೀಮೆಯ ದೊಡ್ಡೀರಜ್ಜಿಯ ತಲೆ. ಆಚೆ ಸೀಮೆಯವರು ತಮ್ಮದೇ ಮೊದಲು ಅಂತ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ ಬಿಡಿ. ತಲೆ ನೆರೆಯುವುದರಲ್ಲೂ ನಮ್ಮವರೇ ಮುಂದು.

ದೊಡ್ಡೀರಜ್ಜಿ ಆಡು ಕಾಯುವವಳು. ಬೇರೆ ಆಡು ಕಾಯುವವರು ಸಂಜೆಯಾದರೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಅಜ್ಜಿ ಕೂಗುತ್ತಿರಲಿಲ್ಲ. ಬಂಡೆ ಹತ್ತಿ ಸುಮ್ಮನೆ ನಿಲ್ಲುತ್ತಿದ್ದಳು, ಅಷ್ಟೇ. ಬೆಟ್ಟದ ತುಂಬ ಬಿಳಿ ತೆನೆಯ ಹುಲ್ಲು. ಅದರ ನಡುವೆ ಕಾಡಿಗೆಯಂಥ ತಲೆ ಒಂದೇ ಒಂದು. ಆಡುಗಳು ಎಲ್ಲಿದ್ದರೂ ಅದನ್ನು ನೋಡಿ ಬರುತ್ತಿದ್ದವು. ಬಾಯಿ ನೋಯಿಸಿಕೊಳ್ಳೋದು ಕೈಲಾಗದವರ ಕೆಲಸ, ನಾನು ತಲೆ ತೋರಿಸಿದರೆ ಸಾಕು ಎಂದು ಅಜ್ಜಿ ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಮುಖ ತೊಳೆಯಲು ಹಳ್ಳಕ್ಕೆ ಬಗ್ಗಿದಳು. ನೀರಿನಲ್ಲಿ ಬಿಳಿ ಹುಲ್ಲಿನ ಕಂತೆಯೊಂದು ಅವಳನ್ನೇ ನೋಡುತ್ತಿತ್ತು.

"ಯಾರೇ ಅದು?" ಎಂದಳು.

"ನೀನೇ ಕಣಜ್ಜಿ" ಎಂದಿತು ಹಳ್ಳ.

ಅವತ್ತು ಸಂಜೆ ಬಂಡೆ ಹತ್ತಿ ನಿಂತಳು. ಒಂದು ಆಡೂ ತಿರುಗಿ ನೋಡಲಿಲ್ಲ. ಬಿಳಿ ಹುಲ್ಲಿನ ನಡುವೆ ಬಿಳಿ ತಲೆ ಯಾರಿಗೆ ಕಾಣಬೇಕು? ಕೂಗಿ ನೋಡಿದಳು. ಎಂದೂ ಕೇಳದ ಆ ದನಿಗೆ ಆಡುಗಳು ಬೆದರಿ ಚೆಲ್ಲಾಪಿಲ್ಲಿಯಾದವು. ಕೋಲು ಹಿಡಿದು, ಮುಳ್ಳು ತುಳಿದು, ಅಟ್ಟಾಡಿಸಿ ಎಲ್ಲವನ್ನೂ ದೊಡ್ಡಿಗೆ ತುಂಬಿದಳು. ಬೋರಿ ಮಾತ್ರ ಸಿಗಲಿಲ್ಲ.

ಬೋರಿ ಅವಳ ಮುದ್ದಿನ ಆಡು. ತುಂಬಿದ ಬಸಿರಿ, ಇಂದೋ ನಾಳೆಯೋ ಮರಿ ಹಾಕುವಂತಿತ್ತು. ಬೆಳಗಾಗಿ ನೋಡಿದರೆ ಎದುರು ಗುಡ್ಡದ ಬದಿಯ ಕಲ್ಲಿನ ಮೇಲೆ ನಿಂತಿದೆ. ಅದರ ಕೆಳಗೇ ತೋಳದ ಗವಿ. ಅಜ್ಜಿ ಹತ್ತಿರ ಹೋದಷ್ಟೂ, ಇದೇನೋ ಬಿಳಿ ಭೂತ ಬಂತು ಅಂತ ಬೋರಿ ಇನ್ನೂ ಮೇಲೆ ಹತ್ತಿತು. ಕತ್ತಲಾಗುವುದರೊಳಗೆ ಅದು ಇಳಿದು ಬರಬೇಕು. ಬರದಿದ್ದರೆ ಮರಿ ಹುಟ್ಟುವುದು ತೋಳದ ಬಾಗಿಲಲ್ಲೇ.

ಅಜ್ಜಿ ಕಾಗೆಯ ಹತ್ತಿರ ಹೋಗಿ ಚೂರು ಕಪ್ಪು ಕೇಳಿದಳು.

"ಕೊಟ್ಟರೆ ನಾನು ಕೊಕ್ಕರೆ ಆಗ್ತೀನಿ, ಹೋಗಜ್ಜಿ" ಎಂದಿತು ಕಾಗೆ.

ಇದ್ದಿಲನ್ನು ಕೇಳಿದಳು. ಇದ್ದಿಲು ಪಾಪ, ತನ್ನನ್ನೇ ಅರೆದುಕೋ ಎಂದಿತು. ಅರೆದು ಬಳಿದುಕೊಂಡು ಬಿಸಿಲಲ್ಲಿ ಹೊರಟಳು. ಬೆವರಿಗೆ ಕಪ್ಪೆಲ್ಲ ಮುಖಕ್ಕಿಳಿಯಿತು. ದೊಡ್ಡಿಯ ಆಡುಗಳು ಕರಡಿ ಬಂತೆಂದು ಒಂದರ ಮೇಲೊಂದು ಬಿದ್ದವು. ಕಾಗೆ ನಕ್ಕೂ ನಕ್ಕೂ ಕೊಂಬೆಯಿಂದ ಜಾರಿತು.

ಅಜ್ಜಿ ಬೇಲಿಯ ನೆರಳಲ್ಲಿ ಕುಸಿದು ಕೂತಳು. ಅಲ್ಲಿ ಮದರಂಗಿ ಗಿಡವಿತ್ತು. ಸಣ್ಣ ಹಸಿರು ಎಲೆ, ಕಣ್ಣಿಗೆ ಬೀಳದ ಹೂವು. ಅದನ್ನು ಯಾರೂ ಒಂದು ಗಿಡವೆಂದು ಲೆಕ್ಕಕ್ಕೇ ಇಟ್ಟಿರಲಿಲ್ಲ.

"ಅಳಬೇಡಜ್ಜಿ. ನನ್ನ ಹತ್ತಿರ ಕಪ್ಪಿಲ್ಲ, ಕೆಂಪಿದೆ" ಎಂದಿತು ಮದರಂಗಿ.

ಅಜ್ಜಿ ಎಲೆಯನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಎಲ್ಲಿದೆಯೋ ಕೆಂಪು ಎಂದು ಗದರಿದಳು.

ಮದರಂಗಿ ಮೆಲ್ಲಗೆ ಹೇಳಿತು. ದಿನಾ ಮುಳುಗುವ ಮುಂಚೆ ಸೂರ್ಯ ಉಳಿದ ಕೆಂಪನ್ನು ಬೇಕಾದವರಿಗೆ ಹಂಚುತ್ತಾನೆ. ಮೋಡಗಳು ಬಾಚಿಕೊಂಡು ಮೈಗೆಲ್ಲ ಬಳಿದುಕೊಂಡು ಮೆರೆಯುತ್ತವೆ, ಕತ್ತಲಾದರೆ ಒಂದು ಹನಿಯೂ ಉಳಿಯುವುದಿಲ್ಲ. ತಾನು ಹಾಗೆ ಮಾಡಲಿಲ್ಲ. ದಿನಕ್ಕೊಂದು ಹನಿ ಇಸಿದುಕೊಂಡು, ಹಸಿರಿನ ಕೆಳಗೆ ಬಚ್ಚಿಟ್ಟುಕೊಂಡು ಬಂದಿದೆ.

"ಪಡುವಣ ಕೆಂಪಾದರೆ ಆಡು ಮನೆ ಕಡೆ ಮುಖ ಮಾಡ್ತದೆ. ನಿನ್ನ ತಲೆ ಕೆಂಪಾದರೆ ಬೋರಿ ಯಾಕೆ ಬರಲ್ಲ?"

ಅಜ್ಜಿ ಎಲೆ ಕಿತ್ತು, ಕಲ್ಲ ಮೇಲೆ ಜಜ್ಜಿ, ತಲೆಗೆ ಮೆತ್ತಿ, ಆ ಕೂಡಲೇ ಹಳ್ಳದಲ್ಲಿ ತೊಳೆದಳು. ತಲೆ ಮೊದಲಿದ್ದ ಹಾಗೇ ಬೆಳ್ಳಗಿತ್ತು. ಮೋಸ ಮಾಡಿದೆ ಎಂದು ಗಿಡವನ್ನು ಬೈದಳು.

"ಹನಿ ಹನಿ ಕೂಡಿಟ್ಟದ್ದನ್ನು ಒಂದೇ ಉಸಿರಿಗೆ ಕೊಡು ಅಂದರೆ ಎಲ್ಲಿಂದ ಕೊಡಲಿ?" ಎಂದಿತು ಮದರಂಗಿ. "ನುಣ್ಣಗೆ ಅರಿ. ನೀನು ಕಾಳು ಹುರಿಯೋ ಕಬ್ಬಿಣದ ಬಾಣಲೆಯಲ್ಲಿ ಹುಣಸೆ ನೀರು ಹಾಕಿ ಕಲಸಿಡು. ಆಮೇಲೆ ಹಚ್ಕೊಂಡು, ನೆರಳು ಈ ಕಡೆಯಿಂದ ಆ ಕಡೆಗೆ ಹೊರಳೋವರೆಗೂ ಕೂತಿರು. ಏಳಬೇಡ."

ಅರೆದಳು, ಕಲಸಿದಳು, ಹಚ್ಚಿಕೊಂಡಳು. ಕಷ್ಟದ್ದು ಆಮೇಲಿನದು. ಹುಟ್ಟಿದಾಗಿನಿಂದ ಬೆಟ್ಟ ಸುತ್ತಿದ ಕಾಲು ಸುಮ್ಮನೆ ಕೂರಬೇಕಲ್ಲ. ತಲೆ ತಣ್ಣಗೆ, ಕಣ್ಣು ಬೋರಿಯ ಮೇಲೆ. ಎದುರು ಗುಡ್ಡದಿಂದ ಬೋರಿ ಅರಚಿತು. ಮರಿ ಹಾಕುವ ನೋವು ಶುರುವಾಗಿದೆಯೆಂದು ಅಜ್ಜಿಗೆ ಗೊತ್ತಾಯಿತು. ಕೋಲು ಹಿಡಿದು ಅರ್ಧ ಎದ್ದೇಬಿಟ್ಟಳು.

ಆಗ ಗಾಳಿ ಅವಳ ಭುಜ ಅದುಮಿ ಕೂರಿಸಿತು. "ಈಗ ಎದ್ದು ಹೋದರೆ ಅದು ಇನ್ನೂ ಮೇಲಕ್ಕೆ ಓಡ್ತದೆ. ನೀನು ಕೂತಿರು ತಾಯಿ, ಬೋರಿಯ ವಾಸನೆ ತೋಳಕ್ಕೆ ಹೋಗದ ಹಾಗೆ ನಾನು ಗವಿ ಕಡೆಯಿಂದ ಬೀಸ್ತೀನಿ."

ಅಜ್ಜಿ ಹಲ್ಲು ಕಚ್ಚಿ ಕೂತಳು. ಗಾಳಿ ಬೀಸಿತು. ತೋಳ ಗವಿಯಿಂದ ಮೂಗು ಚಾಚಿ, ಏನೂ ಸಿಗದೆ ಮತ್ತೆ ಮಲಗಿತು. ನೆರಳು ಹೊರಳಿತು.

ಹಳ್ಳದಲ್ಲಿ ತಲೆ ತೊಳೆದಳು. ಹಳ್ಳ ಬೆರಗಾಗಿ ಹರಿಯುವುದನ್ನೇ ಮರೆಯಿತು. ತಲೆ ಹಣ್ಣಾದ ಕುಂಬಳದ ಬಣ್ಣಕ್ಕೆ ತಿರುಗಿತ್ತು. ಕಾಗೆ ನಗುವುದನ್ನು ಬಿಟ್ಟು ಕೊಂಬೆಯಿಂದ ಬಗ್ಗಿ ಬಗ್ಗಿ ನೋಡಿತು.

ಅಜ್ಜಿ ಬಂಡೆ ಹತ್ತಿದಳು. ಇಳಿ ಬಿಸಿಲು ತಲೆಯ ಮೇಲೆ ಬಿತ್ತು. ಬಿಳಿ ಹುಲ್ಲಿನ ನಡುವೆ ಪುಟ್ಟದೊಂದು ಸಂಜೆ ಹೊತ್ತಿಕೊಂಡಿತು. ಬೋರಿ ಕಿವಿ ನಿಮಿರಿಸಿ ನೋಡಿತು. ಒಂದು ಹೆಜ್ಜೆ ಇಳಿಯಿತು. ನಿಂತಿತು. ಇನ್ನೊಂದು ಇಳಿಯಿತು. ಆಮೇಲೆ ತುಂಬಿದ ಹೊಟ್ಟೆ ಹೊತ್ತುಕೊಂಡು, ಗವಿಯನ್ನು ಬಳಸಿ, ಹಳ್ಳ ದಾಟಿ ಬಂದು ಅಜ್ಜಿಯ ಸೀರೆಗೆ ಮೂಗು ಒರೆಸಿತು. ದೊಡ್ಡಿಯ ಬಾಗಿಲು ಹಾಕುವ ಹೊತ್ತಿಗೆ ಎರಡು ಮರಿಗಳು ತಡಬಡಿಸಿ ಎದ್ದು ನಿಂತಿದ್ದವು.

ಮಾರನೇ ದಿನ ಅಜ್ಜಿಯ ತಲೆ ಇನ್ನೂ ಗಾಢವಾಗಿತ್ತು. ಕೊಡುವುದು ಇನ್ನೂ ಮುಗಿದಿಲ್ಲ ಕಣಜ್ಜಿ ಎಂದಿತಂತೆ ಮದರಂಗಿ.

ಅದಕ್ಕೇ ನೋಡು ಮಗಾ, ಇವತ್ತಿಗೂ ಮದರಂಗಿ ಎಲೆ ಹೊರಗೆ ಹಸಿರಾಗಿಯೇ ಇರುತ್ತದೆ, ಕೆಂಪನ್ನು ತಾಳಿ ಕೂತವರಿಗೆ ಮಾತ್ರ ಕೊಡುತ್ತದೆ. ನಿಮ್ಮಜ್ಜಿ ಕಬ್ಬಿಣದ ಬಾಣಲೆಯಲ್ಲಿ ಅದನ್ನು ನೆನೆಸಿ, ತಲೆಗೆ ಮೆತ್ತಿ, ಹಳೇ ಬಟ್ಟೆ ಸುತ್ತಿಕೊಂಡು ಹಿತ್ತಲ ಬಿಸಿಲಲ್ಲಿ ಅಲುಗಾಡದೆ ಕೂತಿರುವುದೂ, ತೊಳೆದ ಮೇಲೆ ಅವಳ ಒಂದೊಂದು ಬಿಳಿ ಕೂದಲೂ ಸಂಜೆಯ ಎಳೆಯ ಹಾಗೆ ಹೊಳೆಯುವುದೂ ಅದಕ್ಕೇ.